ರಸ್ತೆ ಬಿಟ್ಟು ಕಾಡು ಸೇರಿದ ಕಾಲುದಾರಿ

ಒಂದು ಊರಿನಿಂದ ಇನ್ನೊಂದು ಊರಿಗೆ ಎರಡು ದಾರಿಗಳಿವೆ. ಅವುಗಳಲ್ಲಿ ಯಾವುದು ಮೇಲು? ಹತ್ತಿರದ ದಾರಿಯೇ ಮೇಲೆಂದು ಯಾರಾದರೂ ಹೇಳುವರು. ಎರಡೂ ಸಮದೂರವಾಗಿದ್ದರೆ ಏರಿಳಿತ ಕಡಿಮೆಯಿರುವುದೇ ಮೇಲೆನ್ನುವರು. ರಸ್ತೆಗಳನ್ನು ನಿರ್ಮಿಸುವ ಎಂಜಿನಿಯರುಗಳ ಲೆಕ್ಕಾಚಾರವು ಬಹುಮಟ್ಟಿಗೆ ಈ ಎರಡು ಸೂತ್ರಗಳನ್ನೇ ಆಧರಿಸಿದೆ. ಆದರೆ ಈ ಸೂತ್ರಗಳೆರಡನ್ನೂ ಬೇಕೆಂದೇ ಬದಿಗಿರಿಸಿ, ಹತ್ತಿರದ ದಾರಿಯನ್ನು ದೂರವಾಗಿಯೂ ಸುಲಭವಾದುದನ್ನು ಕಷ್ಟವಾಗಿಯೂ ಮಾರ್ಪಡಿಸುತ್ತ ಬಂದಿರುವ ಒಂದು ದಾರಿ ಜಗತ್ತಿನಲ್ಲಿ ಉಂಟು. ಅದನ್ನು ಹಾಗೆ ಮಾರ್ಪಡಿಸಿದವರು ಅವಿವೇಕಿಗಳೇನೂ ಅಲ್ಲ. ಅವರಲ್ಲಿ ಅರಣ್ಯಶಾಸ್ತ್ರ ಬಲ್ಲವರಿದ್ದರು, ನ್ಯಾಯಶಾಸ್ತ್ರ ಬಲ್ಲವರಿದ್ದರು, ನೆಲವನ್ನು ಅಳೆಯಬಲ್ಲವರಿದ್ದರು. ಅವರು ಮಾಡಿದ್ದು ಸರಿಯೆ ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಅಮೆರಿಕ ಸಂಯುಕ್ತ ಸಂಸ್ಥಾನಗಳ ಪೂರ್ವಭಾಗದಲ್ಲಿರುವ ಅಪಲೇಚಿಯನ್ ಕಾಲುದಾರಿಯೇ ಆ ದಾರಿ. ದಕ್ಷಿಣದಲ್ಲಿ ಜಾರ್ಜಿಯ ಸಂಸ್ಥಾನದ ಸ್ಪ್ರಿಂಗರ್ ಬೆಟ್ಟದಿಂದ ಹೊರಟು, 14 ಸಂಸ್ಥಾನಗಳನ್ನು ಹಾದು, ಉತ್ತರದಲ್ಲಿ ಮೇನ್ ಸಂಸ್ಥಾನದ ಕಟಾಡಿನ್ ಶಿಖರದಲ್ಲಿ ಅದು ಮುಗಿಯುತ್ತದೆ. ಅದರ ಉದ್ದ ಸುಮಾರು 2,190 ಮೈಲಿ, ಎಂದರೆ 3,500 ಕಿಲೋಮೀಟರಿನಷ್ಟು. ಅಷ್ಟನ್ನೂ ಒಂದೇ ಯಾತ್ರೆಯಲ್ಲಿ ನಡೆದು ಮುಗಿಸಲು ಸಾಮಾನ್ಯವಾಗಿ ಐದರಿಂದ ಏಳು ತಿಂಗಳು ಬೇಕಾಗುತ್ತದೆ. ಮರಗಳ ಮೇಲೂ ಬಂಡೆಗಳ ಮೇಲೂ ಬಳಿದಿರುವ, ಎರಡು ಅಂಗುಲ ಅಗಲ ಆರು ಅಂಗುಲ ಎತ್ತರದ ಬಿಳಿಯ ಪಟ್ಟೆಗಳೇ ನಡೆಯುವವರಿಗೆ ದಾರಿ ತೋರುವ ಗುರುತುಗಳು.

ಇಷ್ಟು ದೀರ್ಘವಾದ ದಾರಿ ಒಮ್ಮೆ ಗುರುತಿಸಿದೆಡೆಯಲ್ಲಿಯೇ ಸ್ಥಿರವಾಗಿ ನಿಂತಿರಬೇಕೆಂದು ನಾವು ಭಾವಿಸುವುದು ಸಹಜ. ವಾಸ್ತವದಲ್ಲಿ ಹಾಗಿಲ್ಲ. 1937ರಲ್ಲಿ ದಾರಿ ಪೂರ್ಣಗೊಂಡಿತೆಂದು ಸಾರಿದ ಮೇಲೆ ಅದರ ಬಹುಪಾಲು ಒಂದಲ್ಲ ಒಂದು ಕಾರಣದಿಂದ ಸ್ಥಳಾಂತರಗೊಂಡಿದೆ, ಇಲ್ಲವೆ ಹೊಸದಾಗಿ ಕಟ್ಟಲ್ಪಟ್ಟಿದೆ. ಈ ಬದಲಾವಣೆಗಳಲ್ಲಿ ಬಹು ಮುಖ್ಯವಾದುದು, ರಸ್ತೆಯ ಮೇಲೆ ಸಾಗುತ್ತಿದ್ದ ಭಾಗಗಳನ್ನು ಬೆಟ್ಟದ ಕಾಡಿನೊಳಕ್ಕೆ ಹೊರಳಿಸಿದ್ದು. ಈ ಹೊರಳಿಕೆ ಸರಿಯೆಂಬುದು ನನ್ನ ಅಭಿಪ್ರಾಯ. ಆದರೆ ಅದು ಎರಡು ಷರತ್ತುಗಳಿಗೆ ಒಳಪಟ್ಟು ಸರಿ. ಆ ಷರತ್ತುಗಳಾವುವೆಂಬುದು ದಾರಿಯ ಇತಿಹಾಸವನ್ನು ನೋಡಿದಾಗ ತಾನಾಗಿಯೇ ಸ್ಪಷ್ಟವಾಗುವುದು.

ದಾರಿ ರಸ್ತೆಗೆ ಬಂದುದು ಹೇಗೆ?

ಈ ದಾರಿಯ ಕಲ್ಪನೆ ಬೆಂಟನ್ ಮಕೈ ಎಂಬ ಅರಣ್ಯಶಾಸ್ತ್ರಜ್ಞನದು. 1921ರ ಅಕ್ಟೋಬರ್ ತಿಂಗಳಲ್ಲಿ ವಾಸ್ತುಶಿಲ್ಪಿಗಳ ಪತ್ರಿಕೆಯೊಂದರಲ್ಲಿ ಆತ ತನ್ನ ಯೋಜನೆಯನ್ನು ಪ್ರಕಟಿಸಿದನು. ಪೂರ್ವ ಕರಾವಳಿಯ ದೊಡ್ಡ ನಗರಗಳಲ್ಲಿ ದುಡಿಯುವ ಜನರಿಗೆ ಕಾಡಿನ ಬಾಳು ಹತ್ತಿರದಲ್ಲಿಯೇ ದೊರೆಯಬೇಕೆಂಬುದು ಅವನ ಆಶಯ. 1923ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಬೇರ್ ಬೆಟ್ಟದ ಬಳಿ ಮೊದಲ ಭಾಗವು ಸಿದ್ಧವಾಯಿತು. ಕಾರ್ಯವನ್ನು ಮುಂದುವರಿಸಲು 1925ರಲ್ಲಿ ಒಂದು ಸಮ್ಮೇಳನ ಸಂಸ್ಥೆ ಸ್ಥಾಪಿತವಾಯಿತು. 1931ರಿಂದ ಅದರ ಅಧ್ಯಕ್ಷನಾಗಿದ್ದವನು ಮೈರನ್ ಏವರಿ. ವೃತ್ತಿಯಿಂದ ವಕೀಲನಾಗಿದ್ದ ಈತ ಅಳತೆಯ ಚಕ್ರವೊಂದನ್ನು ಮುಂದೆ ಉರುಳಿಸಿಕೊಂಡು ಮೈಲಿ ಮೈಲಿಯನ್ನೂ ತಾನೇ ನಡೆದು ಅಳೆದನು. 1937ರ ಆಗಸ್ಟ್ 14ರಂದು ಮೇನ್ ಸಂಸ್ಥಾನದಲ್ಲಿ ಕೊನೆಯ ಕೊಂಡಿಯೂ ಕೂಡಿಕೊಂಡಿತು.

ಏವರಿ ಮತ್ತು ಅವನ ಸಂಗಡಿಗರಲ್ಲಿ ದಾರಿಗೆ ಬೇಕಾದ ಜಮೀನನ್ನು ಕೊಳ್ಳುವಷ್ಟು ಹಣವೂ ಇರಲಿಲ್ಲ, ವಶಪಡಿಸಿಕೊಳ್ಳುವ ಅಧಿಕಾರವೂ ಇರಲಿಲ್ಲ. ಸರಕಾರದ ಅರಣ್ಯವಿದ್ದೆಡೆ ದಾರಿ ಕಾಡಿನೊಳಗೆ ಹೋಯಿತು. ಖಾಸಗಿ ಜಮೀನು ಅಡ್ಡ ಬಂದೆಡೆ ಒಡೆಯನ ಬಾಯಿಮಾತಿನ ಒಪ್ಪಿಗೆಯೇ ಆಧಾರವಾಯಿತು. ಅದೂ ದೊರೆಯದ ಕಡೆಗಳಲ್ಲಿ ಹಳ್ಳಿಯ ರಸ್ತೆಯೇ ಗತಿ. ಹೀಗೆ ದಾರಿಯ ನೂರಾರು ಮೈಲಿಗಳು ರಸ್ತೆಯ ಮೇಲೆ ಬಿದ್ದವು.

ಆಗ ಅದೊಂದು ದೊಡ್ಡ ಕೊರತೆಯೆಂದು ತೋರಿರಲಾರದು. ಬೆಟ್ಟಸೀಮೆಯ ಹಳ್ಳಿಯ ರಸ್ತೆಗಳು ಬಹುಪಾಲು ಮಣ್ಣಿನ ದಾರಿಗಳಾಗಿದ್ದವು, ಕಾರುಗಳು ವಿರಳವಾಗಿದ್ದವು. ಮೇಲಾಗಿ ಆಗಿನ ಕಾಡು ಇಂದಿನ ಕಾಡಾಗಿರಲಿಲ್ಲ. ಮರದ ವ್ಯಾಪಾರಿಗಳು ಎಷ್ಟೋ ಬೆಟ್ಟಗಳನ್ನು ಕಡಿದು ಬೋಳಾಗಿಸಿದ್ದರು. 1911ರ ವೀಕ್ಸ್ ಕಾಯಿದೆಯ ಮೇರೆಗೆ ಸರಕಾರವು ಅಂತಹ ಬೆಟ್ಟಗಳನ್ನು ಕೊಂಡುಕೊಂಡು ಮತ್ತೆ ಕಾಡು ಬೆಳೆಯಲು ಬಿಡುತ್ತಿದ್ದ ಕಾಲವದು. ಇದು ಸಾಲದೆಂಬಂತೆ, 1904ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲು ಕಾಣಿಸಿಕೊಂಡ ಒಂದು ಶಿಲೀಂಧ್ರ ರೋಗವು ಈ ಬೆಟ್ಟಗಳ ಹೆಮ್ಮೆಯಾಗಿದ್ದ ಚೆಸ್ಟ್‌ನಟ್ ಮರಗಳನ್ನು ಹಬ್ಬಿ ಕೊಲ್ಲುತ್ತಿತ್ತು. ಶತಮಾನದ ನಡುಭಾಗದ ಹೊತ್ತಿಗೆ ಆ ಮರ ದೊಡ್ಡ ಮರವಾಗಿ ಕಾಡಿನಲ್ಲಿ ಉಳಿಯಲೇ ಇಲ್ಲ. ಮೊದಲ ಪಾದಚಾರಿಗಳು ನಡೆದುದು ಗಾಯಗೊಂಡ ಕಾಡಿನಲ್ಲಿ. ಆ ಕಾಡು ಚೇತರಿಸಿಕೊಂಡಿದ್ದರಿಂದಲೇ ಮುಂದೆ ದಾರಿಯನ್ನು ಅದರೊಳಕ್ಕೆ ಒಯ್ಯುವುದು ಸಾಧ್ಯವಾಯಿತು.

ರಸ್ತೆಯ ಗುಣವೇ ಬದಲಾಯಿತು

ಮಣ್ಣಿನ ರಸ್ತೆಗೆ ಡಾಂಬರು ಬಿತ್ತು. ಕಾರುಗಳ ಸಂಖ್ಯೆಯೂ ವೇಗವೂ ಬೆಳೆದವು. ಅಷ್ಟೇ ಅಲ್ಲದೆ, ಬೆಟ್ಟದ ನೆತ್ತಿಯ ಮೇಲೆಯೇ ವಿಹಾರದ ಮೋಟಾರು ರಸ್ತೆಗಳು ಬಂದವು. ವರ್ಜೀನಿಯದ ಶೆನಂಡೋವ ರಾಷ್ಟ್ರೀಯೋದ್ಯಾನದಲ್ಲಿ 1931ರಲ್ಲಿ ಪ್ರಾರಂಭವಾದ ಸ್ಕೈಲೈನ್ ರಸ್ತೆಯ ಉದ್ದ 105 ಮೈಲಿ. 1935ರಲ್ಲಿ ಪ್ರಾರಂಭವಾಗಿ 1987ರಲ್ಲಿ ಮುಗಿದ ಬ್ಲೂ ರಿಜ್ ರಸ್ತೆಯ ಉದ್ದ 469 ಮೈಲಿ. ಕಾಲುದಾರಿಗೂ ಇವಕ್ಕೂ ಬೇಕಾದುದು ಒಂದೇ ಏಣು. ವಿಶಾಲವಾದ ನೋಟ ದೊರೆಯುವುದು ಅಲ್ಲಿಂದ ತಾನೆ? ಬಲಿಷ್ಠನು ಬಂದಾಗ ದುರ್ಬಲನು ಎಡೆಬಿಡಬೇಕಾಯಿತು. ಬ್ಲೂ ರಿಜ್ ರಸ್ತೆಯೊಂದರಿಂದಲೇ ಕಾಲುದಾರಿಯ ನೂರಕ್ಕೂ ಹೆಚ್ಚು ಮೈಲಿಗಳು ನೆಲೆತಪ್ಪಿದವು.

ಈ ವಿಷಯದಲ್ಲಿಯೇ ದಾರಿಯ ಇಬ್ಬರು ಹಿರಿಯರಿಗೂ ಭಿನ್ನಾಭಿಪ್ರಾಯ ಬಂದಿತು. ನೆತ್ತಿಯ ಮೇಲಿನ ಮೋಟಾರು ರಸ್ತೆಯು ದಾರಿಯ ಉದ್ದೇಶಕ್ಕೇ ವಿರೋಧವೆಂದು ಮಕೈ ವಾದಿಸಿದನು. ರಸ್ತೆ ಬರುವುದು ತಪ್ಪದು, ನಾವು ದಾರಿಯನ್ನು ಪಕ್ಕಕ್ಕೆ ಸರಿಸಿ ಅಖಂಡವಾಗಿ ಉಳಿಸಿಕೊಳ್ಳೋಣ ಎಂಬುದು ಏವರಿಯ ನಿಲುವು. 1930ರ ದಶಕದ ನಡುಭಾಗದಲ್ಲಿ ಇಬ್ಬರೂ ದೂರವಾದರು. ಇಂದು ನೋಡಿದರೆ ಇಬ್ಬರ ಮಾತಿನಲ್ಲಿಯೂ ಸತ್ಯವಿತ್ತೆಂದು ಒಪ್ಪಬೇಕು. ಅಖಂಡತೆಯಿಲ್ಲದಿದ್ದರೆ ದಾರಿ ಹೆಸರಿಗೆ ಮಾತ್ರ ದಾರಿ; ಕಾಡಿಲ್ಲದಿದ್ದರೆ ಅದು ಆ ದಾರಿಯೇ ಅಲ್ಲ.

1938ರ ಸೆಪ್ಟೆಂಬರಿನ ಚಂಡಮಾರುತವು ಉತ್ತರದ ಸಂಸ್ಥಾನಗಳಲ್ಲಿ ದಾರಿಯ ಮೇಲೆ ಮರಗಳನ್ನು ಉರುಳಿಸಿತು. ಬಳಿಕ ಯುದ್ಧ ಬಂದು ನೋಡಿಕೊಳ್ಳುವವರು ಇಲ್ಲವಾದರು. ಇಂತಹ ಸ್ಥಿತಿಯಲ್ಲಿ 1948ರಲ್ಲಿ ಅರ್ಲ್ ಶೇಫರ್ ಎಂಬ ತರುಣನು ಜಾರ್ಜಿಯದಿಂದ ಮೇನ್‌ವರೆಗೆ 124 ದಿನಗಳಲ್ಲಿ ಒಂದೇ ಯಾತ್ರೆಯಾಗಿ ನಡೆದನು. ಇಡೀ ದಾರಿಯನ್ನು ಹೀಗೆ ಒಂದೇ ಸಲ ನಡೆದನೆಂದು ವರದಿಯಾದವರಲ್ಲಿ ಆತನೇ ಮೊದಲಿಗ. ಈತನ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಮತ್ತೆ ಬರುತ್ತದೆ.

ದೊಡ್ಡ ಸ್ಥಳಾಂತರ ನಡೆದದ್ದು 1952ರಲ್ಲಿ. ವರ್ಜೀನಿಯದ ನೈಋತ್ಯ ಭಾಗದಲ್ಲಿ ಹೊಸ ರಸ್ತೆಯ ಕಾಟದಿಂದ ಹಳ್ಳಿಯ ರಸ್ತೆಗಳ ಪಾಲಾಗಿದ್ದ ಸುಮಾರು 300 ಮೈಲಿ ದಾರಿಯನ್ನು ಕೈಬಿಟ್ಟು, ಅದನ್ನು ಸುಮಾರು 50 ಮೈಲಿ ಪಶ್ಚಿಮಕ್ಕೆ, ಜೆಫರ್ಸನ್ ರಾಷ್ಟ್ರೀಯ ಅರಣ್ಯದ ಬೆಟ್ಟಗಳಿಗೆ ಒಯ್ದರು. ಏವರಿ ತೀರಿಕೊಂಡದ್ದೂ ಆ ವರ್ಷವೇ. 1958ರಲ್ಲಿ ದಕ್ಷಿಣದ ತುದಿಯನ್ನೂ, ಸುತ್ತಮುತ್ತ ರಸ್ತೆಗಳೂ ಕಟ್ಟಡಗಳೂ ಹೆಚ್ಚಿದ್ದ ಓಗಲ್‌ಥಾರ್ಪ್ ಬೆಟ್ಟದಿಂದ ಸ್ಪ್ರಿಂಗರ್ ಬೆಟ್ಟಕ್ಕೆ ವರ್ಗಾಯಿಸಿದರು.

ಕೊನೆಗೆ ಕಾನೂನಿನ ಬೆಂಬಲವೂ ದೊರೆಯಿತು. 1968ರ ಅಕ್ಟೋಬರ್ 2ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ರಾಷ್ಟ್ರೀಯ ಕಾಲುದಾರಿಗಳ ಕಾಯಿದೆಗೆ ಸಹಿ ಹಾಕಿದನು. ಆ ಕಾಯಿದೆಯಲ್ಲಿ ದಾರಿಗಾಗಿ ಬಲವಂತವಾಗಿ ವಶಪಡಿಸಿಕೊಳ್ಳಬಹುದಾಗಿದ್ದ ಜಮೀನು ಮೈಲಿಗೆ 25 ಎಕರೆ ಮಾತ್ರ. 1978ರ ತಿದ್ದುಪಡಿ ಅದನ್ನು ಮೈಲಿಗೆ ಸರಾಸರಿ 125 ಎಕರೆಗೆ ಏರಿಸಿ, 9 ಕೋಟಿ ಡಾಲರುಗಳ ವೆಚ್ಚಕ್ಕೆ ಅನುಮತಿ ಕೊಟ್ಟಿತು. ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ಮೈಲಿಗೆ 5,280 ಅಡಿ, ಎಕರೆಗೆ 43,560 ಚದರಡಿ. 25 ಎಕರೆಯನ್ನು ಒಂದು ಮೈಲಿ ಉದ್ದಕ್ಕೆ ಹಾಸಿದರೆ ಅಗಲ ಸುಮಾರು 206 ಅಡಿ. 125 ಎಕರೆಯನ್ನು ಹಾಸಿದರೆ ಸುಮಾರು 1,030 ಅಡಿ. ಮೊದಲನೆಯದು ದಾರಿಯ ಇಕ್ಕೆಲಗಳ ಮರಗಳನ್ನು ಮಾತ್ರ ಕಾಯಬಲ್ಲುದು. ಎರಡನೆಯದು ಒಂದು ಕಾಡಿನ ಪಟ್ಟಿಯನ್ನೇ ಕಾಯಬಲ್ಲುದು. ಒಂದು ಅಂಕಿಯ ಬದಲಾವಣೆಯಲ್ಲಿ ಎಷ್ಟು ಅರ್ಥವಡಗಿದೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ. ಇಂದು ದಾರಿಯ ನೂರಕ್ಕೆ 99ಕ್ಕೂ ಹೆಚ್ಚು ಭಾಗ ರಕ್ಷಿತ ಭೂಮಿಯಲ್ಲಿದೆ.

ರಸ್ತೆ ಏಕೆ ಬೇಡ?

ರಸ್ತೆಯಲ್ಲಿ ನಡೆದರೂ ನಡಿಗೆಯೇ, ಕಾಡಿನಲ್ಲಿ ನಡೆದರೂ ನಡಿಗೆಯೇ. ಇಷ್ಟೆಲ್ಲ ಶ್ರಮ, ಇಷ್ಟೆಲ್ಲ ಖರ್ಚು ಏಕೆ ಎಂದು ಕೇಳಬಹುದು.

ಮೊದಲನೆಯ ಉತ್ತರ ಅಪಾಯಕ್ಕೆ ಸಂಬಂಧಿಸಿದ್ದು. ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಬರುವ ಕಾರು ಸೆಕೆಂಡಿಗೆ 22 ಮೀಟರು ಸಾಗುತ್ತದೆ. ಚಾಲಕನು ಕಂಡು, ಗ್ರಹಿಸಿ, ಕಾಲನ್ನು ಬ್ರೇಕಿನ ಮೇಲಿಡಲು ಒಂದು ಸೆಕೆಂಡಾದರೂ ಬೇಕು. ಬ್ರೇಕು ಹಿಡಿಯುವ ಮೊದಲೇ ಕಾರು 22 ಮೀಟರು ಮುಂದೆ ಬಂದಿರುತ್ತದೆ. ಬೆಟ್ಟದ ತಿರುವಿನಲ್ಲಿ ಕಣ್ಣಿಗೆ ಕಾಣುವ ರಸ್ತೆಯೇ ಎಷ್ಟೋ ಸಲ ಅದಕ್ಕಿಂತ ಸ್ವಲ್ಪವೇ ಹೆಚ್ಚು.

ಎರಡನೆಯದು ಶರೀರಕ್ಕೆ ಸಂಬಂಧಿಸಿದ್ದು. ಹೊಸ ಡಾಂಬರು ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ 90ಕ್ಕೂ ಹೆಚ್ಚನ್ನು ಹೀರಿಕೊಂಡು ಕಾಯುತ್ತದೆ. ಕಾಡಿನಲ್ಲಿ ಬಿಸಿಲಿನ ಬಹುಭಾಗವು ಮೇಲಿನ ಎಲೆಗಳಲ್ಲಿಯೇ ತಡೆದು ನಿಲ್ಲುತ್ತದೆ. ಎಲೆಗಳಿಂದ ಆವಿಯಾಗುವ ನೀರು ಗಾಳಿಯನ್ನು ತಂಪಾಗಿಸುತ್ತದೆ. ಬೆನ್ನ ಮೇಲೆ ಹೊರೆ ಹೊತ್ತು ದಿನಕ್ಕೆ ಹದಿನೈದು ಮೈಲಿ ನಡೆಯುವವನಿಗೆ ಈ ಅಂತರ ಸಣ್ಣದಲ್ಲ.

ಮೂರನೆಯದೇ ಎಲ್ಲಕ್ಕಿಂತ ಮುಖ್ಯವಾದುದು; ಅದು ಅರಿವಿಗೆ ಸಂಬಂಧಿಸಿದ್ದು. ಸಾವಿರ ಮೀಟರು ಮೇಲೇರಿದರೆ ಉಷ್ಣತೆಯು ಸರಾಸರಿ ಆರೂವರೆ ಡಿಗ್ರಿ ಸೆಂಟಿಗ್ರೇಡಿನಷ್ಟು ಇಳಿಯುತ್ತದೆಂದು ಭೂಗೋಳದ ಪಾಠದಲ್ಲಿ ಓದುತ್ತೇವೆ. ಸ್ಥಳಾಂತರದಿಂದ ದಾರಿಯು ವರ್ಜೀನಿಯದ ಅತ್ಯುನ್ನತ ಶಿಖರವಾದ, 5,729 ಅಡಿ ಎತ್ತರದ ರಾಜರ್ಸ್ ಬೆಟ್ಟದ ನೆತ್ತಿಯ ಸಮೀಪಕ್ಕೆ ಹೋಯಿತು. ಬುಡದಲ್ಲಿ ಓಕ್ ಮೊದಲಾದ ಅಗಲ ಎಲೆಯ ಮರಗಳು. ಮೇಲೇರಿದಂತೆ ಅವು ಹಿಂದೆ ಬಿದ್ದು, ನೆತ್ತಿಯಲ್ಲಿ ಸ್ಪ್ರೂಸ್ ಮತ್ತು ಫರ್ ಎಂಬ ಸೂಜಿ ಎಲೆಯ ಮರಗಳು ಬರುತ್ತವೆ. ನೂರಾರು ಮೈಲಿ ಉತ್ತರಕ್ಕೆ ಹೋದವನು ಕಾಣುವ ಬಗೆಯ ಕಾಡನ್ನು ಇಲ್ಲಿ ಒಂದು ಹಗಲಿನ ಏರಿಕೆಯಲ್ಲಿ ಕಾಣಬಹುದು. ಪುಸ್ತಕದ ಆರೂವರೆ ಡಿಗ್ರಿ ಇಲ್ಲಿ ಮರವಾಗಿ ನಿಂತಿದೆ. ಕಣಿವೆಯ ರಸ್ತೆ ಈ ಪಾಠವನ್ನು ಎಂದಿಗೂ ಕಲಿಸಲಾರದು.

ಮೂರು ಆಕ್ಷೇಪಣೆಗಳು

ಸ್ಥಳಾಂತರವನ್ನು ಒಪ್ಪದವರ ಮಾತನ್ನೂ ನ್ಯಾಯವಾಗಿ ಕೇಳಬೇಕು. ಅವರ ಆಕ್ಷೇಪಣೆಗಳು ಮುಖ್ಯವಾಗಿ ಮೂರು.

ಮೊದಲನೆಯದು: ಇದ್ದ ರಸ್ತೆಯನ್ನು ಬಿಟ್ಟು ಇಲ್ಲದ ದಾರಿಯನ್ನು ಕಾಡಿನಲ್ಲಿ ಕಡಿಯುವುದರಿಂದ ಕಾಡಿಗೆ ಹಾನಿಯಲ್ಲವೆ? ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಈ ಬೆಟ್ಟಗಳ ದಕ್ಷಿಣಭಾಗದಲ್ಲಿ ಸಾಲಮ್ಯಾಂಡರ್ ಎಂಬ, ಕಪ್ಪೆಯ ವರ್ಗಕ್ಕೆ ಸೇರಿದ, ಹಲ್ಲಿಯಾಕಾರದ ಪ್ರಾಣಿಗಳು ಬಹು ವಿಧವಾಗಿವೆ. ಅವುಗಳಲ್ಲಿ ಅನೇಕಕ್ಕೆ ಶ್ವಾಸಕೋಶವೇ ಇಲ್ಲ. ಒದ್ದೆಯಾದ ಚರ್ಮದ ಮೂಲಕವೇ ಉಸಿರಾಟ ನಡೆಯಬೇಕು. ತರಗೆಲೆಯ ತೇವ ಆರಿದರೆ ಅವುಗಳ ಬಾಳು ಮುಗಿಯಿತು. ಅಂತಹ ನೆಲದಲ್ಲಿ ದಾರಿ ಮಾಡುವವನ ಹೊಣೆ ದೊಡ್ಡದು. ಆದರೆ ಹೋಲಿಕೆಯನ್ನು ಸರಿಯಾಗಿ ಮಾಡಬೇಕು. ರಸ್ತೆ ಕಾಡಿನ ಮೇಲ್ಚಾವಣಿಯನ್ನು ಸೀಳುತ್ತದೆ. ಆ ಸೀಳಿನಿಂದ ಬಿಸಿಲೂ ಒಣಗಾಳಿಯೂ ಒಳನುಗ್ಗುತ್ತವೆ. ಎರಡಡಿ ಅಗಲದ ಕಾಲುದಾರಿಯ ಮೇಲೆ ಮರಗಳ ಕೊಂಬೆಗಳು ಕೂಡಿಕೊಂಡೇ ಇರುತ್ತವೆ. ಇನ್ನೂ ಒಂದು ಮಾತು: ದಾರಿಗೆಂದು ಕೊಂಡ ಪಟ್ಟಿಯು ಕಾಲುದಾರಿಯ ಅಗಲಕ್ಕಿಂತ ನೂರಾರು ಪಾಲು ಹೆಚ್ಚು. ದಾರಿಯ ನೆಪವಿಲ್ಲದಿದ್ದರೆ ಆ ಪಟ್ಟಿಯ ಎಷ್ಟೋ ಭಾಗವನ್ನು ನಿವೇಶನಗಳಾಗಿ ಹಂಚುತ್ತಿದ್ದರು. ಆದುದರಿಂದ ಲೆಕ್ಕ ಕೂಡಿ ಕಳೆದಾಗ ಕಾಡಿಗೆ ಲಾಭವೇ ಉಳಿಯುತ್ತದೆ.

ಎರಡನೆಯದು: ಹೊಸ ದಾರಿ ಕಠಿನ. ಇದನ್ನು ಹೇಳಿದವರಲ್ಲಿ ಅರ್ಲ್ ಶೇಫರನೇ ಒಬ್ಬ. ಮೊದಲ ಯಾತ್ರೆಯ ಐವತ್ತನೆಯ ವರ್ಷವಾದ 1998ರಲ್ಲಿ, ತನ್ನ 79ನೆಯ ವಯಸ್ಸಿನಲ್ಲಿ, ಆತ ಇಡೀ ದಾರಿಯನ್ನು ಮತ್ತೊಮ್ಮೆ ನಡೆದನು. ತಾನು ಮೊದಲು ಕಂಡಿದ್ದ ದಾರಿಗಿಂತ ಇದು ಬಹಳ ಕಡಿದಾಗಿದೆಯೆಂದು ಅವನಿಗೆ ಅಸಮಾಧಾನವಾಯಿತು. ಮೊದಲಿಗನೇ ಹೀಗೆಂದಾಗ ತಲೆಬಾಗಬೇಕಾಗುತ್ತದೆ. ಎಷ್ಟೋ ಸ್ಥಳಾಂತರಗಳಲ್ಲಿ ಶಿಖರವನ್ನು ಮುಟ್ಟಿಸುವ ಉತ್ಸಾಹ ಅಗತ್ಯಕ್ಕಿಂತ ಹೆಚ್ಚಾಗಿತ್ತೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಕಡಿದಾಗುವುದು ಕಾಡಿನ ದೋಷವಲ್ಲ, ದಾರಿ ಎಳೆದವನ ದೋಷ. ಅದಕ್ಕೆ ಪರಿಹಾರವುಂಟು; ಮುಂದೆ ಹೇಳುತ್ತೇನೆ.

ಮೂರನೆಯದು ಜನಗಳ ಆಕ್ಷೇಪಣೆ. ಇದೇ ನನ್ನ ಮನಸ್ಸನ್ನು ಬಹುವಾಗಿ ಕಲಕಿದುದು. 1952ರಲ್ಲಿ ಕೈಬಿಟ್ಟ 300 ಮೈಲಿಗಳು ಬರಿಯ ಗೆರೆಯಾಗಿರಲಿಲ್ಲ. ಫ್ಲಾಯ್ಡ್, ಪ್ಯಾಟ್ರಿಕ್, ಕ್ಯಾರಲ್, ಗ್ರೇಸನ್ ಎಂಬ ಜಿಲ್ಲೆಗಳ ಹಳ್ಳಿಗಳ ನಡುವೆ ಅವು ಹಾದುಹೋಗುತ್ತಿದ್ದವು. ಇಪ್ಪತ್ತು ವರ್ಷಗಳ ಕಾಲ ತಮ್ಮ ಊರಿನ ದಾರಿಯೆಂದು ಎಣಿಸಿದ್ದುದು ಒಂದೇ ನಿರ್ಧಾರದಿಂದ ಐವತ್ತು ಮೈಲಿ ಆಚೆಗೆ ಹೋಯಿತು. ಡ್ಯಾನ್ ನದಿಯ ಕಂದರದ ಮೇಲಿನ ಭವ್ಯವಾದ ಬಂಡೆಗಳೂ ಅದರೊಡನೆ ದಾರಿಯಿಂದ ಕಳಚಿಕೊಂಡವು. ಕಾಡಿಗೆ ದಾರಿ ದೊರೆಯಿತು, ಊರಿಗೆ ತಪ್ಪಿಹೋಯಿತು.

ಇದಕ್ಕೆ ವಿರುದ್ಧವಾದ ಕಷ್ಟ ಪೆನ್ಸಿಲ್ವೇನಿಯದ ಕಂಬರ್ಲಂಡ್ ಕಣಿವೆಯಲ್ಲಿ ಒದಗಿತು. ಅಲ್ಲಿ ಎರಡು ಬೆಟ್ಟಸಾಲುಗಳ ನಡುವೆ ಹತ್ತು ಮೈಲಿಗೂ ಮೀರಿ ದಾರಿ ರಸ್ತೆಯ ಮೇಲೆಯೇ ಇತ್ತು. 1978ರ ತಿದ್ದುಪಡಿಯ ಬಳಿಕ ಅದನ್ನು ರಸ್ತೆಯಿಂದ ಇಳಿಸಲು ಸರಕಾರವು ಜಮೀನು ಕೊಳ್ಳಲು ಹೊರಟಾಗ ರೈತರು ವಿರೋಧಿಸಿದರು. ತಲೆಮಾರುಗಳಿಂದ ಉತ್ತು ಬಿತ್ತಿದ ನೆಲವನ್ನು ಯಾರೋ ನಡೆದು ಹೋಗಲೆಂದು ಬಿಟ್ಟುಕೊಡಬೇಕೆಂದರೆ ಯಾರಿಗೆ ನೋವಾಗದು? ಕೊನೆಗೆ ದಾರಿ ರಸ್ತೆಯಿಂದ ಇಳಿಯಿತು. ಹೊಲಗಳ ನಡುವಣ ಮರಗಳ ಸಾಲನ್ನೂ ಹೊಲಗಳ ಅಂಚನ್ನೂ ಹಿಡಿದು ಇಂದು ಅದು ಸಾಗುತ್ತದೆ. ಹೀಗೆ ಕೊಂಡ ನೆಲದ ಕೆಲವು ಭಾಗಗಳಲ್ಲಿ ಪರವಾನಗಿಯ ಮೇಲೆ ಬೇಸಾಯವೂ ಮುಂದುವರಿದಿದೆ.

ಈ ಎರಡು ನಿದರ್ಶನಗಳಿಂದ ನನ್ನ ಮೊದಲನೆಯ ಷರತ್ತು ಹೊರಡುತ್ತದೆ: ನೆರೆಯವರ ಒಪ್ಪಿಗೆಯನ್ನು ಪಡೆದು, ಊರಿನ ನಂಟನ್ನು ಕಡಿಯದೆ ದಾರಿಯನ್ನು ಹೊರಳಿಸಬೇಕು. ಕಾನೂನಿನ ಬಲ ಕಟ್ಟಕಡೆಯ ಸಾಧನವಾಗಿರಬೇಕೇ ಹೊರತು ಮೊದಲನೆಯದಲ್ಲ. ರಸ್ತೆಯೆಲ್ಲವೂ ಕೆಟ್ಟುದೆಂದೂ ಭಾವಿಸಬಾರದು. ವರ್ಜೀನಿಯದ ಡಮಾಸ್ಕಸ್ ಎಂಬ ಊರಿನಲ್ಲಿ ಇಂದಿಗೂ ದಾರಿ ಬೀದಿಯ ಮೇಲೆಯೇ ಹಾದುಹೋಗುತ್ತದೆ. ದಿನಗಟ್ಟಲೆ ಕಾಡಿನಲ್ಲಿ ನಡೆದವರಿಗೆ ಅಲ್ಲಿ ಊಟ, ಅಂಚೆ, ಜನರ ಮಾತು ದೊರೆಯುತ್ತವೆ. ಅಂತಹ ಬೀದಿಯಿಂದ ದಾರಿಯನ್ನು ಕೀಳಬೇಕೆಂದು ನಾನು ಹೇಳಲಾರೆ. ವಾಹನಗಳಿಗೆಂದೇ ಇರುವ ರಸ್ತೆ ಬೇರೆ, ಜನ ಬಾಳುವ ಬೀದಿ ಬೇರೆ.

ಕಾಡಿನಲ್ಲಿ ದಾರಿ ಮಾಡುವ ವಿದ್ಯೆ

ಎರಡನೆಯ ಷರತ್ತು ವಿಜ್ಞಾನದ್ದು. ಕಾಡಿನಲ್ಲಿ ದಾರಿ ಮಾಡುವುದೆಂದರೆ ಗಿಡ ಸವರಿ ಬಣ್ಣ ಬಳಿಯುವುದಷ್ಟೇ ಅಲ್ಲ. ಹಿಂದಿನವರು ಬಹುವಾಗಿ ಹಾಗೆಯೇ ಮಾಡಿದರು. ಬೆಟ್ಟದ ಬುಡದಿಂದ ನೆತ್ತಿಗೆ ನೆಟ್ಟಗೆ ಗೆರೆ ಎಳೆದರು. ಅದರ ಫಲವೇನಾಯಿತೆಂಬುದನ್ನು ಮಲೆನಾಡಿನ ಮಳೆ ಕಂಡವರಿಗೆ ವಿವರಿಸಬೇಕಾಗಿಲ್ಲ.

ಒಳ್ಳೆಯ ಕಾಡಿನ ಮಣ್ಣಿನಲ್ಲಿ ಸುಮಾರು ಅರ್ಧದಷ್ಟು ಗಾತ್ರ ಬರಿಯ ರಂಧ್ರಗಳದು. ಮಳೆಯ ನೀರು ತರಗೆಲೆಯ ಮೂಲಕ ಜಿನುಗಿ ಆ ರಂಧ್ರಗಳಿಗೆ ಇಳಿಯುತ್ತದೆ. ಜನರು ನಡೆದಂತೆ ತರಗೆಲೆ ಪುಡಿಯಾಗಿ, ಮಣ್ಣು ಒತ್ತಲ್ಪಟ್ಟು ರಂಧ್ರಗಳು ಮುಚ್ಚುತ್ತವೆ. ನೀರು ಇಂಗದೆ ದಾರಿಯ ಮೇಲೆಯೇ ಹರಿಯತೊಡಗುತ್ತದೆ. ದಾರಿ ನೆಟ್ಟಗಿದ್ದರೆ ಅದರ ವೇಗ ಏರುತ್ತ ಹೋಗುತ್ತದೆ. ವೇಗ ಇಮ್ಮಡಿಯಾದರೆ ಹರಿಯುವ ನೀರಿನ ಚಲನಶಕ್ತಿ ನಾಲ್ಮಡಿಯಾಗುತ್ತದೆಂದು ಭೌತಶಾಸ್ತ್ರ ಹೇಳುತ್ತದೆ. ಆ ಶಕ್ತಿಯು ಮಣ್ಣನ್ನು ಕಿತ್ತು ಒಯ್ಯುತ್ತದೆ. ಕೆಲವೇ ವರ್ಷಗಳಲ್ಲಿ ದಾರಿ ಕೊರಕಲಾಗುತ್ತದೆ. ಬೇರುಗಳೂ ಕಲ್ಲುಗಳೂ ಮೇಲೇಳುತ್ತವೆ. ಅದರಲ್ಲಿ ನಡೆಯಲಾರದೆ ಜನ ಪಕ್ಕದಲ್ಲಿ ನಡೆಯುತ್ತಾರೆ. ಅಲ್ಲೊಂದು ಹೊಸ ಕೊರಕಲು ಹುಟ್ಟುತ್ತದೆ.

ಇದಕ್ಕೆ ಪರಿಹಾರ, ಬೆಟ್ಟದ ಮಗ್ಗುಲನ್ನು ಅಡ್ಡಡ್ಡಲಾಗಿ ಬಳಸಿ ಏರುವುದು. ಆಗುಂಬೆ ಘಾಟಿಯ ರಸ್ತೆ ತಿರುವು ತಿರುವಾಗಿ ಏರುವುದನ್ನು ಕಂಡವರಿಗೆ ಇದು ಹೊಸದಲ್ಲ. ದಾರಿ ಕಟ್ಟುವವರು ಎರಡು ನಿಯಮಗಳನ್ನು ಅನುಸರಿಸುತ್ತಾರೆ. ದಾರಿಯ ಏರು ಸರಾಸರಿ ನೂರಕ್ಕೆ ಹತ್ತನ್ನು ಮೀರಬಾರದು. ಮತ್ತು ಅದು ಬೆಟ್ಟದ ಮಗ್ಗುಲಿನ ಇಳಿಜಾರಿನ ಅರ್ಧವನ್ನು ಮೀರಬಾರದು. ಎರಡನೆಯ ನಿಯಮದ ಮರ್ಮವಿಷ್ಟೆ: ಮಗ್ಗುಲು ದಾರಿಗಿಂತ ಬಹಳ ಕಡಿದಾಗಿದ್ದರೆ ನೀರು ದಾರಿಯನ್ನು ಹಿಡಿದು ಹರಿಯದೆ ಅಡ್ಡ ದಾಟಿ ಕೆಳಗೆ ಹೋಗುತ್ತದೆ. ಇದಕ್ಕೆ ನೆರವಾಗಲು ದಾರಿಯ ಮೇಲ್ಮೈಯನ್ನು ಹೊರಗಡೆಗೆ ತುಸು ವಾಲಿಸುತ್ತಾರೆ; ಅಲ್ಲಲ್ಲಿ ಏರುವ ದಾರಿಯನ್ನು ಕೆಲವು ಅಡಿ ಇಳಿಸಿ ಮತ್ತೆ ಏರಿಸುತ್ತಾರೆ. ಆ ತಗ್ಗಿನಲ್ಲಿ ನೀರು ಹೊರಬಿದ್ದುಹೋಗುತ್ತದೆ.

ನೂರಕ್ಕೆ 40ರಷ್ಟು ಇಳಿಜಾರಿನ ಬೆಟ್ಟದಲ್ಲಿ ಸಾವಿರ ಅಡಿ ಏರಬೇಕೆಂದಿಟ್ಟುಕೊಳ್ಳಿ. ನೆಟ್ಟಗೆ ಹೋದರೆ ನಕಾಶೆಯ ಮೇಲೆ 2,500 ಅಡಿ ದೂರ. ನೂರಕ್ಕೆ ಹತ್ತರ ಏರಿನಲ್ಲಿ ಹೋದರೆ 10,000 ಅಡಿ. ದೂರ ನಾಲ್ಮಡಿಯಾಯಿತು. ಆದರೆ ಶೇಫರನ ವಯಸ್ಸಿನವರೂ ಅದನ್ನು ಏರಬಲ್ಲರು, ಮಣ್ಣೂ ಉಳಿಯುತ್ತದೆ. ಕಾಲಿಗೆ ಹಿತವಾದ ದಾರಿಯೇ ಮಣ್ಣಿಗೂ ಹಿತವೆಂಬುದು ಈ ವಿದ್ಯೆಯ ಸೊಗಸು. ರಸ್ತೆಯಿಂದ ಕಾಡಿಗೆ ಹೊರಳಿದಾಗ ದಾರಿ ಉದ್ದವಾಗುವುದು ಇದರಿಂದಲೇ. ಆ ಉದ್ದವನ್ನು ನಷ್ಟವೆಂದು ಎಣಿಸಬಾರದು.

ಕೆಲಸ ನಡೆಯುವ ಕ್ರಮವೂ ತಿಳಿಯಬೇಕಾದುದು. ಮೊದಲು ಇಳಿಜಾರನ್ನು ಅಳೆಯುವ ಕ್ಲಿನೋಮೀಟರು ಹಿಡಿದು ಬೆಟ್ಟವನ್ನು ಸುತ್ತುತ್ತಾರೆ. ಬಣ್ಣದ ಪಟ್ಟಿಗಳನ್ನು ಗಿಡಗಳಿಗೆ ಕಟ್ಟಿ ಗೆರೆಯನ್ನು ಗೊತ್ತುಮಾಡುತ್ತಾರೆ. 1970ರ ಜನವರಿ 1ರಂದು ಸಹಿಯಾದ ರಾಷ್ಟ್ರೀಯ ಪರಿಸರ ಕಾಯಿದೆಯ ಪ್ರಕಾರ, ಸರಕಾರದ ಭೂಮಿಯಲ್ಲಿ ಇಂತಹ ಕಾರ್ಯಕ್ಕೆ ಮೊದಲು ಪರಿಸರದ ಮೇಲಾಗುವ ಪರಿಣಾಮದ ವಿಚಾರಣೆ ನಡೆಯಬೇಕು. ವಿರಳ ಸಸ್ಯವಿದ್ದರೆ, ಜೌಗು ನೆಲವಿದ್ದರೆ ಗೆರೆ ಪಕ್ಕಕ್ಕೆ ಸರಿಯುತ್ತದೆ. ಆಮೇಲೆ ಗುದ್ದಲಿ, ಪಿಕಾಸಿ, ಹಾರೆಗಳ ಕೆಲಸ. ಹೊಸ ದಾರಿ ಸಿದ್ಧವಾದ ಮೇಲೆ ಹಳೆಯ ಬಿಳಿಯ ಪಟ್ಟೆಗಳ ಮೇಲೆ ಮರದ ಬಣ್ಣವನ್ನೇ ಬಳಿದು ಮರೆಸುತ್ತಾರೆ. ಹಳೆಯ ದಾರಿಗೆ ಕೊಂಬೆ ರೆಂಬೆಗಳನ್ನು ಹೊದಿಸಿ ಕಾಡಿಗೆ ಹಿಂದಿರುಗಿಸುತ್ತಾರೆ. ಈ ಕೆಲಸದ ಬಹುಭಾಗವನ್ನು ಮಾಡುವವರು ಸಂಬಳವಿಲ್ಲದ ಸ್ವಯಂಸೇವಕರು. ಸುಮಾರು 30 ಸಂಘಗಳು ದಾರಿಯನ್ನು ಭಾಗ ಭಾಗವಾಗಿ ಹಂಚಿಕೊಂಡು ನೋಡಿಕೊಳ್ಳುತ್ತಿವೆ.

ಈ ವಿದ್ಯೆಯನ್ನು ಅಲಕ್ಷಿಸಿದರೆ ಏನಾಗುವುದೆಂಬುದಕ್ಕೆ ಬೇರ್ ಬೆಟ್ಟಕ್ಕಿಂತ ಉತ್ತಮವಾದ ಸಾಕ್ಷಿಯಿಲ್ಲ. 1923ರಲ್ಲಿ ಮೊದಲ ದಾರಿ ಸಿದ್ಧವಾದ ಆ ಸೀಮೆಯಲ್ಲಿಯೇ, ಲಕ್ಷಾಂತರ ಕಾಲುಗಳ ತುಳಿತದಿಂದಲೂ ನೀರಿನ ಹರಿತದಿಂದಲೂ ಬೆಟ್ಟದ ಮೇಲಿನ ದಾರಿ ಸವೆದುಹೋಯಿತು. 2006ರಿಂದ ಆರಂಭಿಸಿ ವರ್ಷಗಟ್ಟಲೆ ದುಡಿದು, ಗ್ರಾನೈಟ್ ಬಂಡೆಗಳನ್ನು ಕೈಯಿಂದ ಕಡಿದು, ನೂರಾರು ಮೆಟ್ಟಲುಗಳನ್ನು ಕೂರಿಸಿ ಅದನ್ನು ಹೊಸದಾಗಿ ಕಟ್ಟಬೇಕಾಯಿತು. ಕಾಡಿನಲ್ಲಿರುವ ಮಾತ್ರಕ್ಕೆ ದಾರಿ ಒಳ್ಳೆಯದಾಗುವುದಿಲ್ಲ. ನೀರಿನ ಸ್ವಭಾವವನ್ನು ಅರಿಯದೆ ಮಾಡಿದ ಕಾಡುದಾರಿಗಿಂತ ಸುಮ್ಮನಿರುವ ರಸ್ತೆಯೇ ವಾಸಿ.

ಮುಗಿಯದ ಕೆಲಸ

ಆದುದರಿಂದ ನನ್ನ ನಿರ್ಣಯವಿದು. ದೂರದ ಕಾಲುದಾರಿಯನ್ನು ರಸ್ತೆಯಿಂದ ಬಿಡಿಸಿ ಬೆಟ್ಟದ ಕಾಡಿಗೆ ಒಯ್ಯುವುದು ಸರಿ. ಖರ್ಚಾದರೂ ಸರಿ, ಉದ್ದವಾದರೂ ಸರಿ. ಆದರೆ ನೆರೆಯವರ ಮನಸ್ಸನ್ನೂ ಮಣ್ಣಿನ ಗುಣವನ್ನೂ ತಿಳಿದು ಒಯ್ಯಬೇಕು. 1952ರಲ್ಲಿ ಮೊದಲನೆಯದನ್ನು ಸಾಕಷ್ಟು ಎಣಿಸಲಿಲ್ಲ. ಬೇರ್ ಬೆಟ್ಟದಲ್ಲಿ ಎರಡನೆಯದನ್ನು ಎಣಿಸಿರಲಿಲ್ಲ. ಎರಡೂ ತಪ್ಪುಗಳಿಗೆ ಬೆಲೆ ತೆರಬೇಕಾಯಿತು.

ಒಮ್ಮೆ ಹೊರಳಿಸಿದರೆ ಕೆಲಸ ಮುಗಿಯಿತೆಂದೂ ತಿಳಿಯಬಾರದು. 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತವು ದಕ್ಷಿಣದ ಬೆಟ್ಟಗಳಿಗೆ ಅಪ್ಪಳಿಸಿ, ದಾರಿಯ ಮೇಲೆ ಸಾವಿರಾರು ಮರಗಳನ್ನು ಕೆಡವಿತು. ಎಷ್ಟೋ ಕಡೆ ನೆಲವನ್ನೇ ಕೊಚ್ಚಿತು. ಸ್ವಯಂಸೇವಕರು ಗರಗಸ ಹಿಡಿದು ಮತ್ತೆ ಬೆಟ್ಟ ಹತ್ತಿದರು. ರಸ್ತೆಯನ್ನು ಸರಕಾರ ನೋಡಿಕೊಳ್ಳುತ್ತದೆ. ಕಾಡಿನ ದಾರಿಯನ್ನು ಅದರಲ್ಲಿ ನಡೆಯುವವರೇ ನೋಡಿಕೊಳ್ಳಬೇಕು. ರಸ್ತೆಯನ್ನು ಬಿಟ್ಟದ್ದಕ್ಕೆ ತೆರಬೇಕಾದ ತೆರಿಗೆಯಿದು.

ಇದನ್ನು ಓದಿದ ವಿದ್ಯಾರ್ಥಿಗಳು ಒಂದು ಕೆಲಸ ಮಾಡಬೇಕೆಂದು ನನ್ನ ಕೋರಿಕೆ. ಸಮೋನ್ನತ ರೇಖೆಗಳಿರುವ ಯಾವುದಾದರೂ ಬೆಟ್ಟದ ನಕಾಶೆಯನ್ನು ಎದುರಿಗಿಟ್ಟುಕೊಳ್ಳಿ. ಬುಡದಲ್ಲಿ ಒಂದು ಚುಕ್ಕೆ, ನೆತ್ತಿಯಲ್ಲಿ ಒಂದು ಚುಕ್ಕೆ ಇಡಿ. ನೂರಕ್ಕೆ ಹತ್ತರ ಏರನ್ನು ಮೀರದಂತೆ, ತೊರೆಯನ್ನು ಸಾಧ್ಯವಾದಷ್ಟು ಕಡಿಮೆ ಸಲ ದಾಟುವಂತೆ, ಯಾರ ಹೊಲವನ್ನೂ ಸೀಳದಂತೆ, ಎರಡನ್ನೂ ಪೆನ್ಸಿಲಿನಿಂದ ಕೂಡಿಸಿ. ಮೊದಲ ಸಲ ಆಗುವುದಿಲ್ಲ. ಅಳಿಸಿ ಮತ್ತೆ ಎಳೆಯಬೇಕಾಗುವುದು. ನೂರು ವರ್ಷಗಳಿಂದ ಅಪಲೇಚಿಯನ್ ಬೆಟ್ಟಗಳಲ್ಲಿ ನಡೆದು ಬಂದಿರುವುದೂ ಇದೇ ಕೆಲಸ.